ಕೆಂಪಾಗಿಯೇ ಉಳಿದ ರಕ್ತ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ 'ಒಂದೇ ಚುಚ್ಚಿನ ಅಕ್ಕ' ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ರಕ್ತ ತೆಗೆದು ಪಳಗಿದ ಕೈ. ನರ ಎಲ್ಲಿ ಅಡಗಿದ್ದರೂ ಎರಡನೆಯ ಸಲ ಸೂಜಿ ಹಾಕಿದವಳಲ್ಲ. ಆ ಹೆಸರು ತಲೆಗೂ ಸ್ವಲ್ಪ ಏರಿತ್ತು, ಮುಚ್ಚಿಡುವುದೇಕೆ. ನೆಂಟರಿಷ್ಟರಲ್ಲಿ ಯಾರಿಗೆ ನೆಗಡಿಯಾದರೂ ಡಾಕ್ಟರಿಗಿಂತ ಮೊದಲು ಇವಳೇ ತೀರ್ಪು ಕೊಡುತ್ತಿದ್ದಳು.

ಆ ಬೆಳಿಗ್ಗೆ ತಂಗಿ ಫೋನ್ ಮಾಡಿ, ತನಗೂ ಅಮ್ಮನಿಗೂ ಮೂರು ದಿನದಿಂದ ತಲೆ ಸಿಡಿಯುತ್ತಿದೆ, ಎದ್ದರೆ ಕಣ್ಣು ಕತ್ತಲೆ ಬರುತ್ತದೆ ಎಂದು ಗೋಳು ತೋಡಿಕೊಂಡಳು. ತಂಗಿಯದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲೇ ತಾಯಿ ಮಗಳ ವಾಸ. ವಾರದಿಂದ ಬಿಸಿಲಿಲ್ಲ, ಕೊರೆಯುವ ಚಳಿ. ಗಿರಾಕಿಗಳ ಹೊದಿಕೆ ಒಣಗಲೆಂದು ಕೋಣೆಯ ತುಂಬ ಹಗ್ಗ ಕಟ್ಟಿ, ನಡುವೆ ಇದ್ದಿಲಿನ ಒಲೆ ಇಟ್ಟಿದ್ದರು. ಬಿಸಿ ಹೊರಗೆ ಹೋಗದಿರಲೆಂದು ಕಿಟಕಿಯ ಸಂದಿಗೆಲ್ಲ ಹಳೆಬಟ್ಟೆ ತುರುಕಿದ್ದರು.

ಅಕ್ಕ ಕೆಲಸಕ್ಕೆ ಹೋಗುವ ದಾರಿಯಲ್ಲೇ ಬಂದಳು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುವ ಪುಟ್ಟ ಮಷೀನನ್ನು ಅಮ್ಮನ ಬೆರಳಿಗೆ ಸಿಕ್ಕಿಸಿದಳು. ತೊಂಬತ್ತೊಂಬತ್ತು. ತಂಗಿಯದೂ ಅಷ್ಟೇ.

"ಪರೀಕ್ಷೇಲೂ ನಿಂಗೆ ಇಷ್ಟು ಮಾರ್ಕ್ಸ್ ಬಂದಿರ್ಲಿಲ್ಲ ಕಣೇ," ಎಂದು ನಕ್ಕಳು.

ಒಲೆ ಆರಿಸಲೇ ಎಂದು ತಂಗಿ ಕೇಳಿದಳು. ಹೊಗೆಯೇ ಇಲ್ಲವಲ್ಲ, ಅಮ್ಮ ಬೆಚ್ಚಗಿರಲಿ, ಬಾಗಿಲು ಹಾಕಿಕೊಂಡು ಇಬ್ಬರೂ ಮಲಗಿ ಎಂದಳು ಅಕ್ಕ. ತಂಗಿಯ ಸಮಾಧಾನಕ್ಕೆಂದು ಅವಳ ತೋಳಿನಿಂದ ಒಂದು ಟ್ಯೂಬು ರಕ್ತವನ್ನೂ ತೆಗೆದಳು. ನೇತುಬಿದ್ದ ಹೊದಿಕೆಗಳ ನಡುವೆ ಮಬ್ಬು ಬೆಳಕು, ಬಸ್ಸಿಗೆ ಅವಸರ. ಟ್ಯೂಬನ್ನು ನೋಡದೆಯೇ ಡಬ್ಬಿಗೆ ಹಾಕಿ ಹೊರಟಳು. ಅವಳಿಗೂ ತಲೆ ಸ್ವಲ್ಪ ಭಾರವಾಗಿತ್ತು. ತಿಂಡಿ ತಿಂದಿಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು.

ಹನ್ನೊಂದು ಗಂಟೆಗೆ ಲ್ಯಾಬಿನ ಸ್ಟ್ಯಾಂಡಿನಲ್ಲಿ ಬೇರೆಯವರ ಟ್ಯೂಬುಗಳ ಪಕ್ಕ ಅದನ್ನಿಟ್ಟಳು. ಉಳಿದವೆಲ್ಲ ಕಪ್ಪುಗೆಂಪು. ಇದೊಂದೇ ಕಣ್ಣಿಗೆ ಹೊಡೆಯುವಷ್ಟು ಕೆಂಪು.

ಕೈತಪ್ಪಿ, ಕೆಂಪು ರಕ್ತ ಹರಿಯುವ ಅಪಧಮನಿಗೆ ಚುಚ್ಚಿದೆನೇ ಎಂದು ಮೊದಲು ಅವಮಾನವೇ ಆಯಿತು. ಇಲ್ಲ, ರಕ್ತ ನಿಧಾನವಾಗಿ ಬಂದಿತ್ತು, ಅದು ಅಭಿಧಮನಿಯದೇ. ಶ್ವಾಸಕೋಶದಿಂದ ಹೊತ್ತು ತಂದ ಆಮ್ಲಜನಕವನ್ನು ಮೈಗೆಲ್ಲ ಹಂಚಿ, ಇಂಗಾಲದ ಡೈಆಕ್ಸೈಡನ್ನು ಹೊತ್ತು ಮರಳುವ ರಕ್ತ. ಆಮ್ಲಜನಕ ಇಳಿಸಿದ ಮೇಲೆ ಅದು ಕಪ್ಪಿಡಲೇಬೇಕು. ಇದು ಕಪ್ಪಿಟ್ಟಿರಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಬಂದು ಕೂರುತ್ತದೆ. ಕೂತರೆ ಬೇಗ ಏಳುವುದಿಲ್ಲ. ರಕ್ತ ಕೆಂಪಗೇ ಇರುತ್ತದೆ, ಮೈಗೆ ಉಸಿರು ಮುಟ್ಟುವುದಿಲ್ಲ. ಬೆರಳಿನ ಮಷೀನಿಗೆ ಈ ವ್ಯತ್ಯಾಸ ತಿಳಿಯದು. ಇದನ್ನು ಅವಳು ಓದಿದ್ದಳು, ಹೊಸಬರಿಗೆ ಪಾಠವನ್ನೂ ಮಾಡಿದ್ದಳು.

ಆಂಬುಲೆನ್ಸ್ ಕಳಿಸಲು ಲ್ಯಾಬಿನಲ್ಲಿ ಪಕ್ಕದಲ್ಲಿದ್ದವಳಿಗೆ ಹೇಳಿ ತಂಗಿಗೆ ಫೋನ್ ಹಚ್ಚಿದಳು. ಐದು ಸಲ ರಿಂಗಾಗಿ ನಿಂತುಹೋಯಿತು. ಆರನೆಯ ಸಲ ತಂಗಿ ಎತ್ತಿದಳು, ನಾಲಿಗೆ ತೊದಲುತ್ತಿತ್ತು.

"ಬಾಗ್ಲು ತೆಗಿ. ಅಮ್ಮನ್ನ ಹೊರಗೆ ಎಳ್ಕೊಂಡು ಹೋಗು. ಈಗ್ಲೇ."

"ಯಾಕಕ್ಕ? ಈಗಷ್ಟೇ ಇನ್ನೊಂದಿಷ್ಟು ಇದ್ದಿಲು ಹಾಕಿದೆ. ಬೆಚ್ಚಗಿರ್ಲಿ ಅಂದ್ಯಲ್ಲ."

ಅಕ್ಕ ಬೈದಳು, ಬೇಡಿಕೊಂಡಳು. ಆ ಕಡೆ ಏನೋ ಉರುಳಿತು, ಚಾಪೆ ನೆಲಕ್ಕೆ ಉಜ್ಜಿತು. ತುಂಬ ಹೊತ್ತಾದ ಮೇಲೆ ಚಿಲಕದ ಸದ್ದು, ಬೀದಿಯ ಗದ್ದಲ. ತಂಗಿ ಏದುಸಿರು ಬಿಡುತ್ತಿದ್ದಳು.

"ಅಮ್ಮ ಏಳ್ತಿಲ್ಲ. ಆದ್ರೆ ಗಾಬರಿಯಾಗ್ಬೇಡ, ಮುಖ ಕಳೆಕಳೆಯಾಗಿದೆ. ಕೆನ್ನೆ ಕೆಂಪಗಿದೆ."

ಮೂಗಿನ ಹತ್ತಿರ ಕೈಯಿಡು, ಉಸಿರು ಬರುತ್ತಿದೆಯೇ ಹೇಳು ಎಂದಳು ಅಕ್ಕ. ತಂಗಿ ಫೋನನ್ನು ನೆಲಕ್ಕಿಟ್ಟ ಸದ್ದು ಕೇಳಿತು.

"ನಂಗೆ ಗೊತ್ತಾಗ್ತಿಲ್ಲ ಅಕ್ಕ," ಎಂದಳು ಕೊನೆಗೆ. "ನೀನೇ ಬಂದು ನೋಡು. ನೀನು ಹೇಳಿದ್ರೆ ನಂಬ್ತೀನಿ."