ತುಂಬಿದ ಟ್ಯಾಂಕು

ಕೊಯ್ಲಿನ ಕಾಲ. ಗದ್ದೆಯ ನೀರು ಬಸಿದಿದ್ದರೂ ಕೆಸರು ಇನ್ನೂ ಪಾದ ನುಂಗುವಷ್ಟು ಮೆತ್ತಗಿತ್ತು. ಚಕ್ರದ ಗಾಡಿ ಹೂತುಹೋಗುವ ಇಂಥ ಗದ್ದೆಗಳಿಗೆಂದೇ ಮಾವ ತಮ್ಮ ವರ್ಕ್‌ಶಾಪಿನಲ್ಲಿ ರಬ್ಬರ್ ಪಟ್ಟಿಯ ಮೇಲೆ ಉರುಳುವ ಕಟಾವು ಯಂತ್ರಗಳನ್ನು ಕಟ್ಟುತ್ತಿದ್ದರು. ಈ ಬಾರಿಯ ಹೊಸ ಯಂತ್ರ ಬಿಸಿಲೇರುವ ಮೊದಲೇ ಗದ್ದೆಗಿಳಿದಿತ್ತು. ಸೀಟಿನಲ್ಲಿ ಸೊಸೆಯ ಅಣ್ಣ, ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದು ಕೂತಿದ್ದ. ಸೊಸೆ ಕೆಸರಿನಲ್ಲಿ ಪಕ್ಕದಲ್ಲೇ ನಡೆಯುತ್ತ, ಪಟ್ಟಿಯೊಳಗೆ ಸಾಲಾಗಿ ಉರುಳುವ ರೋಲರುಗಳ ಮೇಲೆ ಕಣ್ಣಿಟ್ಟಿದ್ದಳು. ಆ ರೋಲರುಗಳಿಗೆ ಸ್ಪ್ರಿಂಗು ಕೂಡಿಸಿದವಳು ಅವಳೇ.

ಮಾವನ ಯಂತ್ರಗಳಲ್ಲಿ ಅದುವರೆಗೆ ಸ್ಪ್ರಿಂಗು ಎಂಬುದೇ ಇರಲಿಲ್ಲ. ರೋಲರುಗಳನ್ನು ಯಂತ್ರದ ತಳದ ಚೌಕಟ್ಟಿಗೆ, ಅಂದರೆ ಚಾಸಿಗೆ, ನೇರವಾಗಿ ಬಿಗಿದುಬಿಡುತ್ತಿದ್ದರು. ಬದು ಹತ್ತಿ ಇಳಿದಾಗಲೆಲ್ಲ ಹೊಡೆತ ಚಾಸಿಗೆ, ಚಾಸಿಯಿಂದ ಸೀಟಿಗೆ, ಸೀಟಿನಿಂದ ಡ್ರೈವರನ ಬೆನ್ನಿಗೆ. ವರ್ಷಾನುಗಟ್ಟಲೆ ಆ ಹೊಡೆತ ತಿಂದ ಅಣ್ಣ, ಹೋದ ಕೊಯ್ಲಿನಲ್ಲಿ ಗದ್ದೆಯ ನಡುವೆ ಯಂತ್ರ ನಿಲ್ಲಿಸಿ, ಇಳಿಯಲಾಗದೆ, ಇಬ್ಬರ ಹೆಗಲ ಮೇಲೆ ಮನೆ ಸೇರಿದ್ದ. ಅಂದು ಮಾವ ಬದುವಿನ ಮೇಲೆ ನಿಂತು, ಇದ್ದಬದ್ದವರೆಲ್ಲ ಕೇಳುವಂತೆ "ಮೈಗಳ್ಳ" ಎಂದು ಕೂಗಿದ್ದರು. ಇನ್ನು ಕುಲುಕುವ ಗಾಡಿ ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು. ಅಣ್ಣನಿಗೋ ಬೇರೆ ಕಸುಬು ಗೊತ್ತಿರಲಿಲ್ಲ. ಕುಲುಕದ ಗಾಡಿ ಆಗದಿದ್ದರೆ ಅವನು ಮನೆಯಲ್ಲೇ ಕೂರಬೇಕು.

"ಪುಟ್ಟೀ, ತೊಟ್ಟಿಲಲ್ಲಿ ಕೂತಂಗಿದೆ ಕಣೇ! ನಿದ್ದೆ ಬಂದ್ರೆ ನನ್ನನ್ನ ಬೈಬೇಡ," ಎಂದು ಅಣ್ಣ ಮೇಲಿಂದ ಕೂಗಿದ.

ಅವಳಿಗೆ ನಗು ಬಂತು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಿಂಬದಿಯ ಕಾಳಿನ ಟ್ಯಾಂಕು ಅರ್ಧ ತುಂಬುವ ಹೊತ್ತಿಗೆ, ಹಿಂದೆ ನಡೆದು ಬರುತ್ತಿದ್ದ ಮಾವ ಬಗ್ಗಿ ಒಂದು ಹಿಡಿ ಕೂಳೆ ಕಿತ್ತು ಎತ್ತಿ ಹಿಡಿದರು. ಕೂಳೆಯ ಜೊತೆ ತೆನೆಗಳೂ ಇದ್ದವು.

"ಏನಮ್ಮಾ ತಾಯೀ, ಇದು ಕೊಯ್ಲೋ, ಕ್ಷೌರವೋ? ಟ್ಯಾಂಕು ತುಂಬಿದ ಹಾಗೆಲ್ಲ ನಿನ್ನ ಗಾಡಿ ಹಿಂದಕ್ಕೆ ಕುಕ್ಕರಗಾಲಲ್ಲಿ ಕೂರ್ತಿದೆ. ಮೂತಿ ಆಕಾಶ ನೋಡ್ತಿದೆ. ಬಾಗಿದ ತೆನೆಯೆಲ್ಲ ಗದ್ದೇಲೇ ಉಳೀತು ನೋಡು."

ಅವಳು ನೋಡಿದಳು. ಕಾಳಿನ ತೂಕಕ್ಕೆ ಹಿಂದಿನ ಸ್ಪ್ರಿಂಗುಗಳು ಕುಗ್ಗಿ, ಮುಂದಿನ ಕತ್ತರಿ ಗೇಣುದ್ದ ಮೇಲೆದ್ದಿತ್ತು. ವರ್ಕ್‌ಶಾಪಿನ ಅಂಗಳದಲ್ಲಿ ಹಲಗೆ ಹಾಸಿ, ಅವುಗಳ ಮೇಲೆ ಎಷ್ಟೋ ಸಲ ಓಡಿಸಿ ನೋಡಿದ್ದಳು. ಆದರೆ ಖಾಲಿ ಟ್ಯಾಂಕಿನಲ್ಲಿ. ಕಾಳು ಬಂದರೆ ಇಲಿ ಬರುತ್ತದೆ, ಇಲಿ ಬಂದರೆ ವೈರು ಉಳಿಯುವುದಿಲ್ಲ ಎಂದು ಮಾವ ಒಂದು ಹಿಡಿ ಕಾಳನ್ನೂ ಗೇಟಿನೊಳಗೆ ಬಿಡುತ್ತಿರಲಿಲ್ಲ. ಬಿಗಿದ ರೋಲರಿನ ಗಾಡಿಗೆ ಖಾಲಿಯೂ ಒಂದೇ, ತುಂಬಿದ್ದೂ ಒಂದೇ. ತನ್ನ ಗಾಡಿಗೆ ಹಾಗಲ್ಲ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ.

"ತಪ್ಪು ನಂದೇ ಮಾವ."

"ಒಪ್ಕೊಂಡೆಯಲ್ಲ, ಸಂತೋಷ. ಈಗಲೇ ಸ್ಪ್ರಿಂಗಿಗೆಲ್ಲ ಅಡ್ಡಪಟ್ಟಿ ಕೊಟ್ಟು ಬೆಸುಗೆ ಹಾಕಿಸ್ತೀನಿ. ನಾಳೆ ಬೇರೆ ಡ್ರೈವರ್ ಬರ್ತಾನೆ."

"ಹಾಕೋಕೆ ಬಿಡಲ್ಲ."

"ಯಾರು ಬಿಡಲ್ಲ?"

"ನಾನು."

ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಅವಳು ಯಂತ್ರದ ಪಟ್ಟಿಯ ಮೇಲೆ, ಸ್ಪ್ರಿಂಗಿಗೆ ಅಡ್ಡವಾಗಿ, ಕಾಲು ಇಳಿಬಿಟ್ಟು ಕೂತಳು. ವೆಲ್ಡಿಂಗ್ ರಾಡು ಹಿಡಿದು ನಿಂತ ಗಂಡ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ಅಪ್ಪನ ಮಾತು ಕೇಳಿದ್ರೆ ಇವಳು ಮನೇಲಿ ಇರೋಕೆ ಬಿಡಲ್ಲ, ಇವಳ ಮಾತು ಕೇಳಿದ್ರೆ ಅಪ್ಪ ಇಲ್ಲಿ ಇರೋಕೆ ಬಿಡಲ್ಲ. ನಾನು ಈ ಮುಖವಾಡ ಹಾಕ್ಕೊಂಡೇ ಬದುಕ್ತೀನಿ," ಎಂದು ವೆಲ್ಡಿಂಗ್ ಮಾಸ್ಕನ್ನು ಕೆಳಗೆಳೆದುಕೊಂಡ.

"ಸ್ಪ್ರಿಂಗು ತೆಗೀತೀನಿ ಮಾವ," ಎಂದಳು ಅವಳು. "ಆದ್ರೆ ರೋಲರ್ ಬಿಗಿಯಲ್ಲ. ಎರಡೆರಡು ರೋಲರಿಗೆ ಒಂದು ದಪ್ಪ ದಂಡ, ದಂಡದ ನಡುವೆ ಪಿನ್ನು. ಮಕ್ಕಳು ಏರಿಳಿಯೋ ಹಲಗೆ ನೋಡಿದ್ದೀರಲ್ಲ, ಹಾಗೇ. ಮುಂದಿನ ರೋಲರ್ ಬದು ಹತ್ತಿದ್ರೆ ಹಿಂದಿಂದು ಇಳಿಯುತ್ತೆ. ನಡುವಿನ ಪಿನ್ನು ಅರ್ಧ ಮಾತ್ರ ಏಳುತ್ತೆ, ಹೊಡೆತಾನೂ ಅರ್ಧ. ಟ್ಯಾಂಕು ಎಷ್ಟು ತುಂಬಿದ್ರೂ ಕುಗ್ಗೋದಕ್ಕೆ ಅದ್ರಲ್ಲಿ ಏನೂ ಇಲ್ಲ."

ಮಾವ ಬಗ್ಗಿ ರೋಲರುಗಳನ್ನೊಮ್ಮೆ ನೋಡಿದರು. ಮಾತು ತಲೆಗೆ ಹೋಗಿತ್ತು, ಒಪ್ಪುವ ಮನಸ್ಸಿರಲಿಲ್ಲ. "ಅಷ್ಟು ದಪ್ಪದ ಉಕ್ಕು ಎಲ್ಲಿದೆ? ಕೊಯ್ಲು ಮುಗಿಯೋವರೆಗೂ ಅಂಗಡಿಯವನು ಲಾರಿ ಕಳ್ಸಲ್ಲ."

"ಗೇಟಿನ ಹತ್ರ ಇದೆ."

ಗೇಟಿನ ಹತ್ತಿರ ಇದ್ದದ್ದು ಮಾವ ಕಟ್ಟಿದ ಮೊಟ್ಟಮೊದಲ ಯಂತ್ರ. ಹೋದ ಕೊಯ್ಲಿನವರೆಗೂ ಅದನ್ನು ಓಡಿಸಿದವನು ಅಣ್ಣ. ಅವನು ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಮಾವ ಅದಕ್ಕೆ ಹೊಸ ಬಣ್ಣ ಬಳಿದು, ಬಂದವರಿಗೆಲ್ಲ ಕಾಣುವಂತೆ ನಿಲ್ಲಿಸಿದ್ದರು.

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದರು ಮಾವ.

"ಅದು ನಮ್ಮಣ್ಣನ ಬೆನ್ನು ಮುರಿದಿದೆ. ಕೈಯನ್ನೂ ಸೇರಿಸ್ಕೊಳ್ಳಿ."

ಅವಳು ಪಟ್ಟಿಯಿಂದ ಇಳಿದು, ಗ್ಯಾಸ್ ಕಟರಿನ ಸಿಲಿಂಡರನ್ನು ತಾನೇ ಉರುಳಿಸಿಕೊಂಡು ಗೇಟಿನತ್ತ ನಡೆದಳು. ಮಾವ ಎದುರು ಬಂದು ನಿಂತರು. ಅವಳು ನಿಲ್ಲಲಿಲ್ಲ, ಸುತ್ತು ಹಾಕಿಕೊಂಡು ಹೋಗಿ ಜ್ವಾಲೆ ಹೊತ್ತಿಸಿದಳು. ಹೊಸ ಬಣ್ಣ ಗುಳ್ಳೆಯೆದ್ದು ಕರಕಲಾಗಿ ಉದುರಿತು. ಆಮೇಲೆ ಉಕ್ಕು ಕೆಂಪಾಯಿತು. ಒಂದು ಕಡೆ ಕತ್ತರಿಸುವಷ್ಟರಲ್ಲಿ ಗಂಡ ಮಾಸ್ಕ್ ಹಾಕಿಕೊಂಡೇ ಬಂದು, ಬೀಳಲಿದ್ದ ತುಂಡಿನ ಕೆಳಗೆ ಜಾಕಿ ಕೊಟ್ಟ. ಮಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರಾತ್ರಿಯೆಲ್ಲ ಕೂತು ಗಂಡ ಹೆಂಡತಿ ಸ್ಪ್ರಿಂಗು ಬಿಚ್ಚಿ ದಂಡಗಳನ್ನು ಕೂಡಿಸಿದರು. ಮಾರನೆಯ ದಿನ ಟ್ಯಾಂಕು ಕಂಠಮಟ್ಟ ತುಂಬುವ ತನಕ ಅಣ್ಣ ಕೊಯ್ದ. ಅಷ್ಟರಲ್ಲಿ ಮಾವ ಬಂದರು.

"ಇಳಿಯೋ. ನಾನೇ ಓಡಿಸ್ತೀನಿ."

ಇದ್ದುದರಲ್ಲಿ ಎತ್ತರದ ಬದುವನ್ನೇ ಹುಡುಕಿ, ಅದಕ್ಕೆ ಓರೆಯಾಗಿ ನುಗ್ಗಿಸಿದರು. ಮುಂದಿನ ರೋಲರ್ ಎದ್ದಿತು, ಹಿಂದಿನದು ಇಳಿಯಿತು, ಆಮೇಲೆ ಅದಲುಬದಲು. ತುಂಬಿದ ಯಂತ್ರ ದಪ್ಪ ಎಮ್ಮೆಯಂತೆ ಸಾವಕಾಶವಾಗಿ ಬದು ದಾಟಿತು. ಆಚೆಗಿನ ಗದ್ದೆಯಲ್ಲಿ ಕತ್ತರಿ ನೆಲಕ್ಕೆ ಸಮವಾಗಿಯೇ ಸಾಗಿತು. ತೃಪ್ತಿಯಾಗದೆ ಇನ್ನೊಂದು ಸುತ್ತು ಹೊಡೆದರು. ಇಂಜಿನ್ ನಿಲ್ಲಿಸಿ ಇಳಿದು, ಕೂಳೆಯ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡಿದರು. ತೆನೆ ಸಿಗಲಿಲ್ಲ.

"ಪಿನ್ನಿಗೆ ಗ್ರೀಸು ಸಾಲದು," ಎಂದರು ಕೊನೆಗೆ.

"ಹಾಕ್ತೀನಿ."

"ಹೂಂ. ಹಾಗಾದ್ರೆ ಇವನೇ ಓಡಿಸ್ಲಿ."

ಅಣ್ಣ ಹತ್ತಲು ಹೋದ. ಅಷ್ಟರಲ್ಲಿ ಸೊಸೆ ಕೈ ಚಾಚಿ ಯಂತ್ರದ ಕೀಲಿ ಕಿತ್ತುಕೊಂಡಿದ್ದಳು.

"ಒಂದು ಬಾಕಿ ಇದೆ ಮಾವ. ಹೋದ ಸಲ ಇದೇ ಬದು ಮೇಲೆ ನಿಂತು ಒಂದು ಮಾತು ಅಂದಿದ್ರಿ. ಅದನ್ನ ಇಲ್ಲೇ ವಾಪಸ್ ತಗೊಳ್ಳಿ."

"ಗದ್ದೆಯೋರು ಕಾಯ್ತಿದ್ದಾರೆ!"

"ನಾನೂ ಕಾಯ್ತೀನಿ."

"ಬಿಡೇ ಪುಟ್ಟಿ," ಎಂದ ಅಣ್ಣ.

"ನೀನು ಸುಮ್ನಿರು. ನಿನ್ನನ್ಯಾರು ಕೇಳಿದ್ರು?"

ಬದುವಿನ ಮೇಲೆ ಚೀಲ ಹಿಡಿದು ಕಾಯುತ್ತಿದ್ದವರು ಮಾತು ನಿಲ್ಲಿಸಿ ಇತ್ತ ನೋಡಿದರು. ಮಾವ ಗಂಟಲು ಸರಿಮಾಡಿಕೊಂಡು, ಕೆಸರು ನೋಡುತ್ತ, "ಇವನು ಮೈಗಳ್ಳ ಅಲ್ಲ," ಎಂದು ಗೊಣಗಿದರು.

"ಅವತ್ತು ಇನ್ನೂ ಜೋರಾಗಿ ಅಂದಿದ್ರಿ."

ಮಾವ ಅವಳನ್ನು ಸುಟ್ಟುಬಿಡುವಂತೆ ನೋಡಿದರು. ಆಮೇಲೆ ಬದುವಿನ ಕಡೆ ತಿರುಗಿ, ತುದಿಯ ಗದ್ದೆಗೂ ಮುಟ್ಟುವಂತೆ ಕೂಗಿದರು: "ಇವನು ಮೈಗಳ್ಳ ಅಲ್ಲಾ! ನನ್ನ ಗಾಡಿನೇ ಸರಿ ಇರ್ಲಿಲ್ಲ! ಸಾಕಾ?"

"ಸಾಕು," ಎಂದು ಅವಳು ಕೀಲಿಯನ್ನು ಅಣ್ಣನ ಕೈಗೆ ಎಸೆದಳು.

ಇಂಜಿನ್ ಶುರುವಾಯಿತು. ಪಟ್ಟಿ ಉರುಳಿತು. ಅದರ ಹಿಂದೆ ಇಬ್ಬರೂ ಕೆಸರಿನಲ್ಲಿ ಕಾಲು ಕೀಳುತ್ತ ನಡೆದರು.

"ಗೇಟಿನ ಹತ್ರ ಬೋಳಾಗಿ ಕಾಣುತ್ತೆ," ಎಂದರು ಮಾವ. "ಅಲ್ಲಿ ಇನ್ನೇನು ನಿಲ್ಲಿಸ್ಲಿ?"

"ಒಂದು ಚೀಲ ಕಾಳು ನಿಲ್ಸಿ ಮಾವ. ಮುಂದಿನ ಗಾಡಿಗೆ ತುಂಬಿಸಿ ನೋಡೋಕೆ ಬೇಕಾಗುತ್ತೆ."