ಎಡಗಡೆಯ ಹಿಡಿ

ಪೆರುಮಾಳ್ ಡ್ರಿಲ್ಲನ್ನು ಕೆಳಗಿಟ್ಟು, ಪಿಕಪ್ ಗಾಡಿಯ ಸ್ಟೇರಿಂಗಿನ ಬಲಕ್ಕೆ ಬಾಗಿಲ ಪಕ್ಕದ ತಗಡಿನಲ್ಲಿ ತಾನು ಕೊರೆದಿದ್ದ ಎರಡು ತೂತುಗಳನ್ನು ಊದಿ ಚೊಕ್ಕ ಮಾಡಿದ. ಕಬ್ಬಿಣದ ಪುಡಿ ಬಚ್ಚಪ್ಪನ ಚಪ್ಪಲಿಯ ಮೇಲೆ ಉದುರಿತು.

"ಇನ್ನೊಂದ್ ಸಲ ಕೇಳ್ತೀನಿ ಬಚ್ಚಪ್ಪಾ. ಎಲ್ಲಾರೂ ಈ ಬ್ರೇಕ್ ಹಿಡೀನ ಗೇರ್ ಪಕ್ಕ ಇಡಿಸ್ತಾರೆ. ಘಾಟಿನಲ್ಲಿ ಬಲಗೈ ಸ್ಟೇರಿಂಗ್ ಬಿಡಬಾರ್ದು. ನಿಂಗೆ ಮಾತ್ರ ಯಾಕಪ್ಪಾ ಬಾಗಿಲ ಪಕ್ಕ?"

"ನಂಗೆ ಅಲ್ಲೇ ಸರಿ ಓಯ್ತದೆ."

ಪೆರುಮಾಳ್ ತೂತುಗಳ ಅಂಚನ್ನು ಬೆರಳಿನಿಂದ ಸವರಿ ನೋಡಿದ. ಊರಿಗಾಂನ ಲೈನ್ ಮನೆಗಳ ಕೊನೆಯಲ್ಲಿ, ತಗಡಿನ ಚಪ್ಪರದ ಕೆಳಗೆ ಅವನ ಶೆಡ್ಡು. ಚಿನ್ನದ ಗಣಿಯ ಇಂಜಿನ್ ಮನೆಯಲ್ಲಿ ಫಿಟರ್ ಆಗಿದ್ದವನು, ತಾನಿದ್ದ ಶಾಫ್ಟು, ಗಣಿಗಿಳಿಯುವ ಬಾವಿ, ಮುಚ್ಚಿದ ಮೇಲೆ ಕೆಲಸ ಬಿಟ್ಟು ರಿಪೇರಿಗೆಂದು ಲಾರಿಗಳ ಕೆಳಗೆ ಮಲಗತೊಡಗಿದ್ದ. ಪಿಕಪ್ಪಿನೊಳಗೆ ಕೂತರೆ ಮುಂದಿನ ಗಾಜಿನಲ್ಲಿ ಆ ಶಾಫ್ಟಿನ ಮೇಲಿನ ದೊಡ್ಡ ಚಕ್ರ ಕಾಣುತ್ತಿತ್ತು. ಅದು ತಿರುಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಎಕ್ಸಾಸ್ಟ್ ಬ್ರೇಕ್ ಹಾಕಿಸುವುದೆಂದು ನಿಶ್ಚಯವಾದ ಮೇಲೆ ಬಚ್ಚಪ್ಪ ಮೊದಲು ಹೋದದ್ದು ಬೆಂಗಳೂರಿನ ಕಲಾಸಿಪಾಳ್ಯಕ್ಕೆ. ಅಲ್ಲಿಯ ಅಂಗಡಿಯವನು ಹೊಸದೊಂದನ್ನು ಎಣ್ಣೆಕಾಗದದಿಂದ ಬಿಡಿಸಿ ತೋರಿಸಿದ್ದ. ಕಾಲಡಿಯ ಗುಂಡಿ ಒತ್ತಿದರೆ ವ್ಯಾಕ್ಯೂಮಿನ ಗಾಳಿಸೆಳೆತಕ್ಕೆ ಸೈಲೆನ್ಸರ್ ಕೊಳವೆಯೊಳಗಿನ ಬಿಲ್ಲೆ ಮುಚ್ಚಿಕೊಳ್ಳುತ್ತದೆ. ಹೊಗೆಗೆ ಹೋಗಲು ದಾರಿಯಿಲ್ಲದೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಇನ್ನೊಂದು ಸಿಕ್ಕಿದ್ದು ಬಂಗಾರಪೇಟೆಯ ಗುಜರಿಯಲ್ಲಿ. ಯಾವುದೋ ಮಿನಿ ಲಾರಿಯಿಂದ ಕಳಚಿದ್ದು, ತುಕ್ಕು ಹಿಡಿದದ್ದು, ಹಿಡಿಯಿಂದ ತಂತಿ ಎಳೆಯುವಂಥದ್ದು. ಬಚ್ಚಪ್ಪನಿಗೆ ಹೊಸದರ ಮೇಲೆ ಮನಸ್ಸಿತ್ತು. ಪೆರುಮಾಳ್ ಹಳೆಯದನ್ನೇ ತಾ ಎಂದ. ಕಾಲಿನ ಬ್ರೇಕೂ ವ್ಯಾಕ್ಯೂಮನ್ನೇ ನಂಬಿಕೊಂಡದ್ದು.

"ಎರಡೂ ಒಂದೇ ಬಿಂದಿಗೆ ನೀರು ಕುಡಿದ್ರೆ, ಬಿಂದಿಗೆ ಒಡೆದ ದಿನ ಎರಡಕ್ಕೂ ಬಾಯಾರ್ತದಪ್ಪಾ. ಬೇರೆ ಬಿಂದಿಗೆ ಇರಲಿ."

ಹಾಗೆ ಗುಜರಿಯದ್ದು ಬಂತು. ಬಿಲ್ಲೆ ಕೊಳವೆಗೆ ದೊಡ್ಡದಾಗಿತ್ತು. ಪೆರುಮಾಳ್ ಅದನ್ನು ಅರದಿಂದ ಉಜ್ಜಿ ಉಜ್ಜಿ ಸರಿಮಾಡಿ ಕೊಳವೆಯ ನಡುವೆ ಕೂರಿಸಿದ್ದ. ಉಳಿದದ್ದು ಹಿಡಿಯೊಂದೇ.

"ಇದು ಗೇರಿನಲ್ಲಿದ್ರೆ ಮಾತ್ರ ಹಿಡಿಯೋದು, ಗೊತ್ತಲ್ಲಾ?" ಎಂದ ಪೆರುಮಾಳ್. "ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಮಾಡ್ಕೊಂಡು ಇಳಿಯೋರಿಗೆ ಇದು ಸುಮ್ನೆ ಅಲಂಕಾರ."

ಬಚ್ಚಪ್ಪ ಶೆಡ್ಡಿನ ಆಚೆ ನೋಡಿದ.

ನ್ಯೂಟ್ರಲ್ ಮಾಡಿಕೊಂಡೇ ಅವನು ಘಾಟಿ ಇಳಿಯುತ್ತಿದ್ದದ್ದು. ಆ ಕಡೆಯ ಡ್ರೈವರುಗಳೆಲ್ಲ ಹಾಗೆಯೇ. ಕಾಮಸಮುದ್ರದ ಸುತ್ತಿನ ಟೊಮೆಟೊ, ಹುರುಳಿಕಾಯಿ ತುಂಬಿಕೊಂಡು ವಿ.ಕೋಟೆ ದಾಟಿ ತಮಿಳುನಾಡಿನ ಪೇರ್ಣಾಂಬಟ್ ಸಂತೆಗೆ ಇಳಿಯುವಾಗ ಎಡಗಡೆಯ ಸೀಟಿನಲ್ಲಿ ಅವನ ಹೆಂಡತಿ ಅಮ್ಮಾಜಮ್ಮ ಕೂತಿರುತ್ತಿದ್ದಳು. ಗಾಡಿ ಅವನದು, ವ್ಯಾಪಾರ ಅವಳದು. ಮಂಡಿಯವರೊಂದಿಗೆ ತಮಿಳಿನಲ್ಲಿ ಜಗಳವಾಡಿ, ನಕ್ಕು, ಮತ್ತೆ ಜಗಳವಾಡಿ ಬೆಲೆ ಏರಿಸುವವಳು ಅವಳೇ. ದಾರಿಯುದ್ದಕ್ಕೂ ಅವಳು ಆಡುತ್ತಿದ್ದ ಮಾತಿಗೆ ಅವನು ಹೂಂಗುಡುತ್ತಿದ್ದ.

ಬೇಸಿಗೆಯಲ್ಲಿ ಒಂದು ದಿನ ಆ ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ತುಳಿದಷ್ಟೂ ತುಳಿಸಿಕೊಂಡಿತು, ಗಾಡಿ ಮಾತ್ರ ಕೇಳಲಿಲ್ಲ. ತಿರುವು ಎದುರಿಗೆ ಬಂತು. ರಸ್ತೆ ಕೆಲಸಕ್ಕೆಂದು ಗುಡ್ಡದ ಕಡೆ ಸುರಿದಿದ್ದ ಮರಳಿನ ಗುಡ್ಡೆಗೆ ಗಾಲಿ ಹತ್ತಿ, ಗಾಡಿ ಮೂತಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಧೂಳು ಕೆಳಗೆ ಕೂತ ಮೇಲೆ ಬಚ್ಚಪ್ಪ ತನ್ನ ಬಲಗೈಯನ್ನು ನೋಡಿದ. ಅದು ಬಾಗಿಲ ಹಿಡಿಯನ್ನು ಎಳೆದು ಹಿಡಿದಿತ್ತು. ಬಾಗಿಲು ಬೆರಳಗಲ ತೆರೆದಿತ್ತು. ತಲೆಯೆತ್ತಿದಾಗ ಅಮ್ಮಾಜಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಅವನಿಗಿಂತ ಮೊದಲಿನಿಂದಲೂ ನೋಡುತ್ತಿದ್ದಳೆಂದು ಅವಳ ಮುಖದಲ್ಲೇ ತಿಳಿಯಿತು.

 ಅವಳು ಇಳಿದು, ಚೆಲ್ಲಿದ ಟೊಮೆಟೊಗಳನ್ನು ಸೆರಗಿನಲ್ಲಿ ಆಯ್ದುಕೊಂಡಳು. ಮುಂದಿನ ಸಂತೆಗೆ ಬಸ್ಸಿನಲ್ಲಿ ಬರುತ್ತೇನೆಂದಳು. ಗಾಡಿಯಲ್ಲಿ ಸೊಂಟ ನೋಯುತ್ತದಂತೆ. ಅಂದಿನಿಂದ ಬಸ್ಸೇ. ಪೇರ್ಣಾಂಬಟ್‌ನಲ್ಲಿ ಅವಳು ಬಂದು ಇಳಿಯುವವರೆಗೆ ಬಚ್ಚಪ್ಪ ಮಾಲಿನ ಪಕ್ಕ ನಿಂತಿರುತ್ತಿದ್ದ. ಅವಳು ಬಂದು ವ್ಯಾಪಾರ ಮುಗಿಸಿ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದಳು, ದನದ ವಿಷಯ ಹೇಳುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವಳನ್ನು ಬಿಟ್ಟು ಹಾರಲು ಆ ಕೈ ತಾನು ಹೇಳದೆಯೇ ಹೋಯಿತೆಂದು ಅವನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದ. ಆದರೆ ಕೈ ಅವನದೇ.

ಬಾಗಿಲ ಪಕ್ಕವೇ ಬ್ರೇಕಿನ ಹಿಡಿಯಿದ್ದರೆ, ಮುಂದೆ ಯಾವಾಗಲಾದರೂ ಆ ಕೈ ಅತ್ತ ಹೋದರೂ ಸಿಗುವುದು ಅದೇ. ಅಷ್ಟೇ ಅವನ ಲೆಕ್ಕಾಚಾರ.

"ಎಡಗಡೆ ಯಾರು ಕೂರೋದು?" ಪೆರುಮಾಳ್ ಕೇಳಿದ.

"ಈಗ ಯಾರೂ ಇಲ್ಲ."

"ಮೊದ್ಲು?"

"ನಮ್ಮವಳು."

ಹಾಗಾದರೆ ಅವಳು ಬಂದು ನೋಡದೆ ಗಾಡಿ ಬಿಡುವುದಿಲ್ಲವೆಂದ ಪೆರುಮಾಳ್. ತಮ್ಮ ಶಾಫ್ಟಿನಲ್ಲಿ ಅದೊಂದು ಕಟ್ಟಳೆಯಿತ್ತಂತೆ. ಆಳುಗಳನ್ನು ಕೆಳಗಿಳಿಸುವ ಪಂಜರದ ಬ್ರೇಕು ಬಿಚ್ಚಿ ಕಟ್ಟಿದ ದಿನ, ಮೊದಲ ಸರದಿಗೆ ಇಳಿಯುವವರು ಇಂಜಿನ್ ಮನೆಗೆ ಬಂದು, ಚಕ್ರ ತಿರುಗಿ ನಿಲ್ಲುವುದನ್ನು ಕಣ್ಣಾರೆ ನೋಡಬೇಕು. ನೋಡದವನು ಪಂಜರ ಹತ್ತುವಂತಿಲ್ಲ.

"ಎಂಡ್ತೀನ ಬ್ರೇಕ್ ನೋಡಾಕೆ ಕರ್ಕೊಂಡೋದ ಅಂದ್ರೆ ಊರೆಲ್ಲಾ ನಗ್ತದೆ," ಎಂದ ಬಚ್ಚಪ್ಪ.

"ನಗ್ಲಿ. ಘಾಟಿ ಇಳಿಯೋದು ಊರಲ್ಲ."

ಆ ಸಂಜೆ ಅಮ್ಮಾಜಮ್ಮ ಹುರುಳಿಕಾಯಿ ಮೂಟೆಯ ಬಾಯಿ ಹೊಲಿಯುತ್ತಿದ್ದಾಗ ಬಚ್ಚಪ್ಪ ಮೆಕ್ಯಾನಿಕ್ಕನ ಹುಚ್ಚು ಎನ್ನುವಂತೆ ವಿಷಯ ಹೇಳಿದ. ಅವಳು ಸೂಜಿ ನಿಲ್ಲಿಸಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸಂತೆಗೆ ಉಡುವ ಸೀರೆ ಉಟ್ಟು ಜಗುಲಿಯ ಮೇಲೆ ಕೂತಿದ್ದಳು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ.

ಪೆರುಮಾಳ್ ಅವಳನ್ನು ತಮಿಳಿನಲ್ಲಿ ತಂಗಿಯೆನ್ನುವಂತೆ ತಂಗಚ್ಚಿ ಎಂದು ಕರೆದು ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ. ಪೆರುಮಾಳ್ ಇಂಜಿನ್ ಚಾಲೂ ಮಾಡಿ, ತಂತಿಯನ್ನು ಇಕ್ಕಳದಿಂದ ಎಳೆದು ತೋರಿಸಿದ. ಗಡಗಡ ಎನ್ನುತ್ತಿದ್ದ ಇಂಜಿನ್ನಿನ ದನಿ ಗಂಟಲು ಹಿಡಿದಂತೆ ಕುಗ್ಗಿತು; ಬಿಟ್ಟಾಗ ಮತ್ತೆ ಎದ್ದಿತು. ಅವಳು ಇನ್ನೊಮ್ಮೆ ಎಳೆಯಲು ಹೇಳಿದಳು. ಗೇರು, ನ್ಯೂಟ್ರಲ್ಲು ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಆಮೇಲೆ ಬಲಗಡೆಯ ಎರಡು ತೂತುಗಳ ಮೇಲೆ ಅವಳ ಕಣ್ಣು ಬಿತ್ತು.

"ಇದೇನಣ್ಣ ಇಲ್ಲಿ?"

"ಹಿಡಿ ಅಲ್ಲೇ ಬೇಕಂತೆ ನಿಮ್ಮೋರಿಗೆ. ನಾನು ಬೇಡ ಅಂದೆ."

ಅಮ್ಮಾಜಮ್ಮ ಗಂಡನ ಕಡೆ ತಿರುಗಿದಳು. ಬೇಸಿಗೆಯ ನಂತರ ಅವಳು ಅವನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಅಲ್ಲಿ ಬ್ಯಾಡ. ಆ ಕೈಗೆ ಅಲ್ಲಿ ಬ್ಯಾರೆ ಕೆಲ್ಸ ಐತೆ."

ಪೆರುಮಾಳ್ ತಮಾಷೆಯೆಂದುಕೊಂಡು ದೊಡ್ಡದಾಗಿ ನಕ್ಕ. ಬಚ್ಚಪ್ಪ ಬಲಗೈಯಲ್ಲಿದ್ದ ಬೀಡಿಯನ್ನು ಎಡಗೈಗೆ ಬದಲಾಯಿಸಿಕೊಂಡ. ಅಡಗಿಸಿಡಲು ಆ ಕೈಗೆ ಜಾಗ ಸಿಗಲಿಲ್ಲ.

"ಮತ್ತೆ ಎಲ್ಲಿ ಇಡ್ಲಿ ತಂಗಚ್ಚಿ?"

ಅವಳು ಎಡಗಡೆಯಿಂದ ಹತ್ತಿ ತನ್ನ ಸೀಟಿನಲ್ಲಿ ಕೂತಳು. ಬಲಗೈ ಚಾಚಿ, ಗೇರಿನ ಈಚೆ, ತನ್ನ ಮಂಡಿಯ ಮುಂದಿನ ತಗಡನ್ನು ಬೆರಳಿನಿಂದ ತಟ್ಟಿದಳು.

"ಇಲ್ಲಿ ಆಕಣ್ಣ. ನನ್ ಕೈಗೂ ಸಿಗ್ಬೇಕು."

ಪೆರುಮಾಳ್ ಬಚ್ಚಪ್ಪನ ಮುಖ ನೋಡಿದ.

"ಅವಳು ಏಳ್ದಂಗೇ ಆಕು," ಎಂದ ಬಚ್ಚಪ್ಪ.

ಸಂತೆಯ ದಿನ ಮೂಟೆ ತುಂಬಿ ಮುಗಿದಾಗ ಅಮ್ಮಾಜಮ್ಮ ಬಸ್ಸಿನ ಕಡೆ ಹೋಗಲಿಲ್ಲ. ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಹತ್ತಿದಳು. ಗಾಡಿ ವಿ.ಕೋಟೆ ದಾಟಿತು. ಘಾಟಿಯ ತಲೆಯಲ್ಲಿ ಬಚ್ಚಪ್ಪನ ಎಡಗೈ ಅಭ್ಯಾಸದಂತೆ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಲು ಹೋಯಿತು. ಅವಳು ಅದನ್ನು ನೋಡಿದಳು. ಅವನು ಗೇರನ್ನು ಎರಡಕ್ಕೆ ಎಳೆದ.

ಇಳಿಜಾರು ಶುರುವಾಯಿತು. ಹಿಂದಿನಿಂದ ಲೋಡು ತಳ್ಳತೊಡಗಿತು. ಮರಳಿನ ಗುಡ್ಡೆಯಿದ್ದ ಜಾಗ ದೂರದಿಂದಲೇ ಕಂಡಿತು. ಮರಳು ಎಲ್ಲಿಗೋ ಹೋಗಿ, ಉಳಿದ ಪುಡಿಯ ಮೇಲೆ ತುಂಬೆ ಗಿಡ ಎದ್ದಿತ್ತು. ಬಚ್ಚಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದ. ಎಡಗೈಯನ್ನು ಹಿಡಿಯ ಕಡೆ ಚಾಚುವಷ್ಟರಲ್ಲಿ ಅಲ್ಲಿ ಅವಳ ಕೈ ಬಂದಿತ್ತು.

ಅವಳೇ ಎಳೆದಳು. ಇಂಜಿನ್ನಿನ ದನಿ ಕುಗ್ಗಿತು. ಗಾಡಿ ಮೈ ಹಿಡಿದುಕೊಂಡು ನಿಧಾನವಾಯಿತು.

ಅವನು ಎರಡೂ ಕೈಗಳಿಂದ ಸ್ಟೇರಿಂಗ್ ಹಿಡಿದು ತಿರುವು ಇಳಿಸಿದ. ಬಲಗಡೆಯ ತಗಡಿನಲ್ಲಿ ಮುಚ್ಚದೆ ಉಳಿದಿದ್ದ ಆ ಎರಡು ತೂತುಗಳಿಂದ ಗಾಳಿ ನುಗ್ಗಿ ಅವನ ಮಂಡಿಗೆ ತಾಕುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಇಂಜಿನ್ನಿನ ನಡುಕಕ್ಕೆ ಹಿಡಿಯ ಮೇಲೆ ಅವಳ ಗಾಜಿನ ಬಳೆಗಳು ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು; ಘಾಟಿ ಮುಗಿದು ರಸ್ತೆ ಸಮನಾದ ಮೇಲೂ ಸ್ವಲ್ಪ ದೂರ.