ಕಲ್ಲಿನ ಆಚೆಯವರು

“ಹೆಣ ಎತ್ತಿದ ಹಾಗೆ ಎತ್ತಬೇಡ್ರೋ ಬೋಳಿಮಕ್ಕಳಾ! ಅದು ಊರಿನ ಕಲ್ಲು, ನಿಮ್ಮಪ್ಪನ ಗೋರಿ ಅಲ್ಲ!”

ಸಾಹೇಬ ಜೀಪಿನ ನೆರಳಲ್ಲಿ ನಿಂತು ಕೂಗುತ್ತಿದ್ದ. ಊರು ಅಳೆಯುವುದು ಅವನ ಕೆಲಸ. ಕೈಯಲ್ಲಿ ಯಾವಾಗಲೂ ಟೇಪು ಇರುತ್ತಿದ್ದುದರಿಂದ ಬೆನ್ನ ಹಿಂದೆ ನಾವು ಅವನನ್ನು ಟೇಪು ಎಂದೇ ಕರೆಯುತ್ತಿದ್ದೆವು. ನನ್ನ ಮಗ ಮತ್ತು ಇನ್ನು ಮೂವರು ಕಲ್ಲಿಗೆ ಹಗ್ಗ ಬಿಗಿದು, ಅಡಿಯಲ್ಲಿ ಮರದ ದಿಮ್ಮಿ ಕೊಟ್ಟು ಎಳೆಯುತ್ತಿದ್ದರು. ನಾನು ಹಿಂದಿನಿಂದ ಹಾರೆ ಹಾಕಿ ಮೀಟುತ್ತಿದ್ದೆ. ಊರು ಬೆಳೆದಾಗಲೆಲ್ಲ ಗಡಿಕಲ್ಲು ಕಿತ್ತು ಮುಂದಕ್ಕೆ ನೆಡುವುದು ನಮ್ಮ ಪಾಲಿನ ಕೂಲಿ.

ಕಲ್ಲು ಆಳೆತ್ತರವಿತ್ತು. ಹೊರಗಿನಿಂದ ಬರುವವರಿಗೆ ಕಾಣುವ ಮುಖದಲ್ಲಿ ‘ಸ್ವಾಗತ’ ಎಂದು ಕೆತ್ತಿದ್ದರು. ನಮ್ಮ ಗುಡಿಸಲುಗಳು ಇದ್ದದ್ದು ಆ ಮುಖದ ಎದುರಿಗೇ. ಬಾಗಿಲು ತೆಗೆದರೆ ಸ್ವಾಗತ, ಪಾತ್ರೆ ತೊಳೆಯಲು ಕೂತರೆ ಸ್ವಾಗತ. ಒಳಗೆ ಬಾ ಎಂದು ಮಾತ್ರ ಯಾವ ಸೂಳೆಮಗನೂ ಕರೆದಿರಲಿಲ್ಲ.

ಅವತ್ತು ಬೈಗುಳ ನಮಗೆ ತಾಗಲೇ ಇಲ್ಲ. ಈ ಸಲ ಕಲ್ಲು ನಮ್ಮ ಗುಡಿಸಲುಗಳನ್ನು ದಾಟಿ ಆಚೆ ಹೋಗುತ್ತಿತ್ತು. ಸೊಸೆ ತುಂಬು ಬಸುರಿ. ಬಾಗಿಲಲ್ಲಿ ನಿಂತು ಗಂಡನನ್ನು ಕೆಣಕಿದಳು.

“ಜೋರಾಗಿ ಎಳೀರಿ! ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತು?”

“ನೀನೊಬ್ಳೇ ಇಬ್ಬರ ಊಟ ಹೊಡೀತಿದ್ರೆ ನನಗೆಲ್ಲಿ ಉಳಿಯುತ್ತೆ?” ಎಂದ ಮಗ. ಎಲ್ಲರೂ ನಕ್ಕರು.

ಅವಳ ಮೊದಲ ಕೂಸು ಆಸ್ಪತ್ರೆಯ ಗೇಟಿನಲ್ಲೇ ಹೋಗಿತ್ತು. ಕಾವಲಿನವನು ಅವಳ ಹೊಟ್ಟೆ ನೋಡಲಿಲ್ಲ, ಮುಖ ನೋಡಲಿಲ್ಲ. “ಕಲ್ಲಿನ ಆಚೆಯೋರಾ, ಈಚೆಯೋರಾ?” ಎಂದು ಕೇಳಿದ. ಆಚೆಯವರು ಎಂದೆ. “ಹಾಗಾದ್ರೆ ನಿಮ್ಮೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗು. ಇಲ್ಲಿ ಇರೋರಿಗೇ ಮಂಚ ಸಾಲ್ತಿಲ್ಲ” ಎಂದ. ನಾವು ಬಿಟ್ಟು ಬಂದದ್ದು ಸಣ್ಣ ಊರು. ಅಲ್ಲೂ ಒಂದು ಆಸ್ಪತ್ರೆ ಇತ್ತು. ಹೆರುವವರು ಕಡಿಮೆಯಾದರೆಂದು ಅದಕ್ಕೆ ಬೀಗ ಜಡಿದರು. ಡಾಕ್ಟರಮ್ಮ ಈ ದೊಡ್ಡ ಊರಿಗೆ ಬಂದಳು. ಅವಳ ಹಿಂದೆ ಔಷಧಿ ಅಂಗಡಿಯವನು ಬಂದ, ಅವನ ಹಿಂದೆ ಹೋಟೆಲಿನವನು. ಬಸ್ಸು ನಿಂತುಹೋಯಿತು. ಕೊನೆಗೆ ನಾವೂ ಗಂಟು ಕಟ್ಟಿದೆವು. ಜನ ಇಲ್ಲವೆಂದು ಅಲ್ಲಿ ಮುಚ್ಚಿದರು, ಜನ ಹೆಚ್ಚಾದರೆಂದು ಇಲ್ಲಿ ತಳ್ಳಿದರು. ಆ ಕೂಸನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿದೆ.

ಸಂಜೆ ಹೊತ್ತಿಗೆ ಕಲ್ಲು ಹೊಸ ಜಾಗ ಮುಟ್ಟಿತು. ಗುಂಡಿ ತೋಡುವಾಗ ಅರ್ಧಕ್ಕೇ ಬಂಡೆ ಸಿಕ್ಕಿತು. ಮಗ ತಲೆ ಎತ್ತಿದ. “ಸಾಕು ಬಿಡೋ, ನಾಳೆ ಪುರಸಭೆ ಅಧ್ಯಕ್ಷರು ಬರ್ತಾರೆ. ಅವರು ಮೊದಲ ಪುಟ್ಟಿ ಕಾಂಕ್ರೀಟು ಹಾಕೋವರೆಗೂ ಹಗ್ಗ ಹಿಡ್ಕೊಂಡು ನಿಲ್ಲಿಸಿ” ಎಂದ ಟೇಪು.

“ಸಾಹೇಬ್ರೇ, ಇನ್ಮೇಲೆ ನಾವು ಈಚೆಯೋರು ತಾನೆ?” ಎಂದು ಕೇಳಿದೆ.

“ಹೂಂ ಕಣಮ್ಮ, ದೊಡ್ಡ ಊರಿನೋರಾದ್ರಿ. ಈಗ ಸ್ನಾನ ಮಾಡೋದು ಕಲೀರಿ.”

ಅದಕ್ಕೂ ನಾನು ಹಲ್ಲು ಕಿರಿದೆ. ಅಷ್ಟು ಖುಷಿಯಾಗಿತ್ತು.

ಬೆಳಿಗ್ಗೆ ಗಂಡಸರು ಕಲ್ಲನ್ನು ಗುಂಡಿಗಿಳಿಸಿ ನಾಲ್ಕು ಕಡೆ ಹಗ್ಗ ಹಿಡಿದರು. ಅಷ್ಟರಲ್ಲಿ ಬುಲ್ಡೋಜರ್ ಬಂತು. ಮೊದಲು ಹೋದದ್ದು ನಮ್ಮ ಗುಡಿಸಲು.

“ಊರೊಳಗೆ ಗುಡಿಸಲು ಇರೋ ಹಾಗಿಲ್ಲ. ಕಲ್ಲಿನ ಆಚೆ ಹೋಗಿ ಹಾಕ್ಕೊಳ್ಳಿ” ಎಂದ ಟೇಪು.

“ಆ ಕಲ್ಲು ಎಳೆದಿದ್ದು ನಾವಲ್ವಾ ಸಾಹೇಬ್ರೇ?”

“ಎಳೆದೋರಿಗೆಲ್ಲ ಊರು ಬರ್ಕೊಡೋಕೆ ಇದೇನು ನಿಮ್ಮಪ್ಪನ ಆಸ್ತಿನಾ? ಸರಿ ಆಚೆ, ಅಧ್ಯಕ್ಷರ ಕಣ್ಣಿಗೆ ಬೀಳಬೇಡ.”

ಸೊಸೆ ಅಕ್ಕಿ ಡಬ್ಬ ಉಳಿಸಿಕೊಳ್ಳಲು ಓಡಿದಳು. ಗೋಡೆಯ ತಗಡು ಮಗುಚಿ ಅವಳ ಮೇಲೆ ಬಿತ್ತು. ಎತ್ತಿ ಕೂರಿಸುವಷ್ಟರಲ್ಲಿ ಸೀರೆಯೆಲ್ಲ ಒದ್ದೆಯಾಗಿತ್ತು. ಹೆರಿಗೆ ಮಾಡಿಸುವ ಪಕ್ಕದ ಮನೆ ಮುದುಕಿ ಹೊಟ್ಟೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದಳು. “ಅಡ್ಡ ತಿರುಗಿದೆ ಕಣೇ. ನನ್ನ ಕೈಲಾಗಲ್ಲ. ಆಸ್ಪತ್ರೆಗೆ ಹಾಕು.”

ಅಷ್ಟು ಹೊತ್ತಿಗೆ ಅಧ್ಯಕ್ಷರು ಕಲ್ಲಿನ ಬುಡದಲ್ಲೇ ಹಾಕಿದ್ದ ವೇದಿಕೆ ಹತ್ತಿದ್ದರು. “ಬಂಧುಗಳೇ, ಸಣ್ಣ ಊರು ಸಣ್ಣದಾಗುತ್ತಲೇ ಹೋಗುತ್ತದೆ, ದೊಡ್ಡ ಊರು ದೊಡ್ಡದಾಗುತ್ತಲೇ ಹೋಗುತ್ತದೆ. ಜನ ಇರುವಲ್ಲಿಗೇ ಜನ ಬರುತ್ತಾರೆ. ನಮ್ಮ ಊರಿನ ಹೊಟ್ಟೆ ಇನ್ನೂ ತುಂಬಿಲ್ಲ!” ಚಪ್ಪಾಳೆ ಬಿತ್ತು.

ನಾನು ಟೇಪುವಿನ ಕಾಲು ಹಿಡಿದೆ. “ಸಾಹೇಬ್ರೇ, ಜೀಪು ಕೊಡಿ. ಸೊಸೆ ಸಾಯ್ತಾಳೆ. ಈಗ ನಾವೂ ಈಚೆಯೋರು.”

“ಯಾವ ಮನೆಯೋರು? ಎಲ್ಲಿದೆ ತೋರ್ಸು ನಿನ್ನ ಮನೆ?” ಎಂದು ಅವನು ಕಾಲು ಕೊಡವಿದ. “ಭಾಷಣ ಮುಗೀಲಿ, ನೋಡೋಣ. ನಿನ್ನ ಮಗನ್ನೂ ಕರೀಬೇಡ. ಅವನು ಹಗ್ಗ ಬಿಟ್ರೆ ಕಲ್ಲು ಸೀದಾ ಅಧ್ಯಕ್ಷರ ಮೇಲೇ ಬೀಳೋದು.”

ನಾನು ಕಲ್ಲಿನ ಕಡೆ ನೋಡಿದೆ. ನಿಜವೇ. ಗುಂಡಿ ಆಳವಿಲ್ಲದೆ ಅದು ವೇದಿಕೆಯ ಕಡೆಗೇ ವಾಲಿತ್ತು. ಭಾರವೆಲ್ಲ ಹಿಂದೆ ನಿಂತಿದ್ದ ನನ್ನ ಮಗನ ಹಗ್ಗದ ಮೇಲಿತ್ತು. ಹೆಂಡತಿ ಕಿರುಚುವುದು ಕೇಳಿಸಿ ಅವನು ಅಳುತ್ತಿದ್ದ. ಮೂಗು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ.

ಹೋಗಿ ಅವನ ಕೈಯಿಂದ ಹಗ್ಗ ತೆಗೆದುಕೊಂಡೆ. ನೆಲಕ್ಕೆ ಬಡಿದ ಗೂಟಕ್ಕೆ ಮೊದಲೇ ಒಂದು ಸುತ್ತು ಹಾಕಿದ್ದರಿಂದ ಮುದುಕಿಯಾದ ನನ್ನ ಕೈಗೂ ಅದು ನಿಂತಿತು. “ಹೋಗು ಮಗಾ, ಅವಳ ಹತ್ರ ಇರು” ಎಂದೆ. ಅವನು ಓಡಿದ.

“ಏಯ್ ಸಾಹೇಬ!” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. “ಜೀಪು ಕಳಿಸ್ತೀಯೋ, ಇದನ್ನ ಬಿಡ್ಲೋ?”

ಭಾಷಣ ನಿಂತಿತು. ವೇದಿಕೆ ಇಳಿಯುವ ಮೆಟ್ಟಿಲಿದ್ದದ್ದು ಕಲ್ಲಿನ ಬುಡದಲ್ಲೇ. ಅಧ್ಯಕ್ಷರು ಒಂದು ಹೆಜ್ಜೆ ಇಟ್ಟರು, ನಾನು ಹಗ್ಗ ಸ್ವಲ್ಪ ಸಡಿಲಿಸಿದೆ, ಅವರು ಅಲ್ಲೇ ನಿಂತರು. “ಕೊಡ್ರೀ ಜೀಪು!” ಎಂದು ಚೀರಿದರು. ಟೇಪು ಡ್ರೈವರನ್ನು ಕೂಗುತ್ತ ಅತ್ತಿತ್ತ ಓಡಿದ. ಡ್ರೈವರ್ ಬೀಗದ ಕೈ ಸಮೇತ ಊಟಕ್ಕೆ ಹೋಗಿದ್ದ.

ಆಗ ಸೊಸೆಯ ಕೂಗು ನಿಂತಿತು. ಮಗುವಿನ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಮುರಿದ ಗುಡಿಸಲ ಮರೆಯಿಂದ ಮುದುಕಿ ಎದ್ದು ಬಂದಳು. ಮೊಣಕೈವರೆಗೂ ರಕ್ತ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು.

“ಇಬ್ರೂನಾ?” ಎಂದು ಕೇಳಿದೆ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಆ ಮರೆಯಿಂದ ನನ್ನ ಮಗ ಅರಚುವುದು ಕೇಳಿಸಿತು.

ಟೇಪು ಓಡುವುದನ್ನು ನಿಲ್ಲಿಸಿದ. ಬೆವರು ಒರೆಸಿಕೊಂಡು, ಉಸಿರು ಬಿಟ್ಟು, ಮೊದಲ ಸಲ ಮೆತ್ತಗೆ ಮಾತಾಡಿದ.

“ಮುಗೀತಲ್ಲಮ್ಮಾ, ಇನ್ನೇನು ಮಾಡೋಕಾಗುತ್ತೆ? ಹಗ್ಗ ಬಿಗಿಯಾಗಿ ಹಿಡ್ಕೋ. ಅಧ್ಯಕ್ಷರದ್ದು ಎರಡೇ ಮಾತು ಉಳಿದಿದೆ.”

ಹಗ್ಗ ಹಿಡಿದಿದ್ದ ಉಳಿದ ಮೂವರೂ ನನ್ನ ಮುಖ ನೋಡಿದರು. ನಾನು ಗೂಟದಿಂದ ಸುತ್ತು ಬಿಚ್ಚಿದೆ.